ಅನುಮಾನವೆಂಬ ಕಟ್ಟಳೆ: ಟ್ರಾನ್ಸ್ ಮಕ್ಕಳು, ಮನೆ, ಶಾಲೆ ಮತ್ತು ಕಾನೂನು



ಟ್ರಾನ್ಸ್‌ಜೆಂಡರ್ ಮಕ್ಕಳ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆ ಕಾಣುತ್ತದೆ. ಕೆಲವರು ಕನಿಕರ ಪಡುತ್ತಾರೆ, ‘ಪಾಪ’ ಎಂದು ಹೇಳಿ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ಇನ್ನು ಕೆಲವರು ಗಾಬರಿಯಾಗುತ್ತಾರೆ, ಕಾಲ ಕೆಟ್ಟಿತೆಂದು ಮೊಬೈಲನ್ನೋ ಸಿನಿಮಾವನ್ನೋ ದೂರುತ್ತಾರೆ. ಟ್ರಾನ್ಸ್‌ಫೋಬಿಯಾ ಎಂದು ಇಂದು ಕರೆಯಲಾಗುವ ಸಂಗತಿಯನ್ನೂ ನಾವು ಇಂಥ ಭಾವಗಳ ಲೆಕ್ಕದಲ್ಲೇ ಅಳೆಯುತ್ತೇವೆ. ಯಾರ ಎದೆಯಲ್ಲಿ ದ್ವೇಷವಿದೆ, ಯಾರಲ್ಲಿ ಇಲ್ಲ ಎಂದು ಹುಡುಕುತ್ತೇವೆ. ಆ ಲೆಕ್ಕ ಸಾಲದು. ಯಾರನ್ನೂ ದ್ವೇಷಿಸದ ಮುಖ್ಯೋಪಾಧ್ಯಾಯರ ಶಾಲೆಯನ್ನೂ ಇಂಥ ಮಗು ಅರ್ಧಕ್ಕೆ ಬಿಟ್ಟು ಹೋಗುತ್ತದೆ. ಜೀವಕ್ಕೆ ಜೀವ ಕೊಡುವಂಥ ಅಪ್ಪ ಅಮ್ಮನ ಮನೆಯಿಂದಲೂ ಓಡಿಹೋಗುತ್ತದೆ. ಹಾಗಿದ್ದ ಮೇಲೆ ಕಾರಣವನ್ನು ಭಾವದ ಆಚೆ ಹುಡುಕಬೇಕು. ಈ ಉಪನ್ಯಾಸದ ವಾದ ಇಷ್ಟು: ಟ್ರಾನ್ಸ್ ವ್ಯಕ್ತಿ ತನ್ನ ಬಗ್ಗೆ ಹೇಳುವ ಮಾತನ್ನು ಮೊದಲಿಗೆ ಸುಳ್ಳೆಂದು ಹಿಡಿದು, ಸಾಬೀತುಪಡಿಸುವ ಹೊಣೆಯನ್ನು ಆ ವ್ಯಕ್ತಿಯ ತಲೆಗೇ ಕಟ್ಟುವ ಕಟ್ಟಳೆಯೊಂದು ನಮ್ಮ ಕಾನೂನು, ಕಚೇರಿ, ಶಾಲೆ, ಆಸ್ಪತ್ರೆ, ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ದ್ವೇಷವಿಲ್ಲದವರೂ ಅದನ್ನು ಪಾಲಿಸುತ್ತಾರೆ. ಮಗುವಿಗೆ ಬೆಂಬಲ ಕೊಡುವುದೆಂದರೆ ಮೊಟ್ಟಮೊದಲು ಆ ಹೊಣೆಯನ್ನು ಅದರ ತಲೆಯಿಂದ ಇಳಿಸುವುದು. ಇದಕ್ಕೆ ಬೇಕಾದ ಆಧಾರಗಳನ್ನು ಮುಖ್ಯವಾಗಿ ನಾಸಿಕ್, ಛತ್ರಪತಿ ಸಂಭಾಜಿನಗರ ಮತ್ತು ಕರ್ನಾಟಕದಿಂದ ಆಯ್ದಿದ್ದೇನೆ. ಈ ಜಾಗಗಳ ನಡುವಿನ ನಂಟು ಮುಂದೆ ತಾನಾಗಿಯೇ ತಿಳಿಯುತ್ತದೆ.

ಮೊದಲು ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಲಿ. ಹುಟ್ಟಿದಾಗ ದೇಹ ನೋಡಿ ಗಂಡು ಅಥವಾ ಹೆಣ್ಣು ಎಂದು ಬರೆದದ್ದಕ್ಕೂ ತಾನು ಯಾರೆಂಬ ಒಳಗಿನ ಅರಿವಿಗೂ ತಾಳೆಯಾಗದವರು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು. ಗಂಡೆಂದು ಬೆಳೆಸಲಾದ ಹೆಣ್ಣು, ಹೆಣ್ಣೆಂದು ಬೆಳೆಸಲಾದ ಗಂಡು, ಈ ಎರಡರಲ್ಲೂ ತಮ್ಮನ್ನು ಕಾಣದವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ದೇಹರಚನೆಯೇ ಭಿನ್ನವಾಗಿ ಹುಟ್ಟುವ ಅಂತರ್‌ಲಿಂಗಿ ಮಕ್ಕಳ ವಿಷಯ ಬೇರೆ, ಆದರೂ ಎರಡನ್ನೂ ಬೆರೆಸಿ ಮಾತಾಡುವುದು ರೂಢಿ. ಕನ್ನಡದ ಮಂಗಳಮುಖಿ, ಜೋಗಪ್ಪ, ಮರಾಠಿಯ ತೃತೀಯಪಂಥಿ, ಉತ್ತರದ ಹಿಜ್ರಾ ಎಂಬ ಹೆಸರುಗಳ ಹಿಂದೆ ಸಮುದಾಯಗಳ ಬದುಕಿದೆ, ಗುರು–ಶಿಷ್ಯ ಸಂಬಂಧವಿದೆ. ಒಂಬತ್ತನೇ ತರಗತಿಯಲ್ಲಿ ಓದುವ ಮಗು ಇವುಗಳಲ್ಲಿ ಯಾವುದಕ್ಕೂ ಸೇರಿರುವುದಿಲ್ಲ, ಸೇರಬೇಕಾಗಿಯೂ ಇಲ್ಲ. 2011ರ ಜನಗಣತಿಯಲ್ಲಿ ‘ಇತರೆ’ ಎಂದು ನಮೂದಾದವರು ದೇಶದಲ್ಲಿ 4,87,803 ಮಂದಿ. ಮಹಾರಾಷ್ಟ್ರದಲ್ಲಿ 40,891, ಕರ್ನಾಟಕದಲ್ಲಿ 20,266. ಆರು ವರ್ಷದೊಳಗಿನ ಮಕ್ಕಳೇ ಸುಮಾರು 55 ಸಾವಿರ. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಗಣತಿದಾರರಿಗೆ ಉತ್ತರ ಕೊಟ್ಟವರು ಮನೆಯ ಯಜಮಾನರು. ಮನೆಯಲ್ಲಿ ಬಾಯಿ ಬಿಡಲಾಗದ ಹದಿನೈದರ ಮಗು ಆ ಪಟ್ಟಿಯಲ್ಲಿ ಗಂಡು ಅಥವಾ ಹೆಣ್ಣು ಎಂದೇ ದಾಖಲಾಗಿರುತ್ತದೆ. ಹಾಗಾಗಿ ಅಂಕಿ ಹೇಳುವುದು ಎಷ್ಟು ಮನೆಗಳು ಒಪ್ಪಿಕೊಂಡು ಬರೆಸಿದವು ಎಂಬುದನ್ನು ಮಾತ್ರ. ಎಷ್ಟು ಮಂದಿ ಇದ್ದಾರೆ ಎಂಬುದನ್ನು ಅದು ಹೇಳಲಾರದು.

ಈಗ ಕಟ್ಟಳೆಯ ಚರಿತ್ರೆಗೆ ಬರೋಣ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗ, ಉತ್ತರ ಭಾರತದ ಪ್ರಾಂತ್ಯಗಳಲ್ಲಿ, ಹಿಜ್ರಾಗಳ ಹೆಸರು ಮತ್ತು ವಾಸಸ್ಥಳವನ್ನು ಅಧಿಕಾರಿಗಳು ದಾಖಲಿಸಿಡಬೇಕೆಂದು ವಿಧಿಸಿತು. ನಿಜಾಮರ ಹೈದರಾಬಾದ್ ಸಂಸ್ಥಾನ ಅದೇ ಅಚ್ಚಿನಲ್ಲಿ 1329 ಫಸಲಿಯಲ್ಲಿ, ಅಂದರೆ ಸುಮಾರು 1919ರಲ್ಲಿ, ತನ್ನದೇ ಕಾಯ್ದೆ ಮಾಡಿತು. ಅಂದು ಔರಂಗಾಬಾದ್ ಆಗಿದ್ದ ಇಂದಿನ ಛತ್ರಪತಿ ಸಂಭಾಜಿನಗರ, ನಮ್ಮ ಕಲಬುರಗಿ, ಬೀದರ್, ರಾಯಚೂರು ಎಲ್ಲವೂ ಆ ಸಂಸ್ಥಾನದ ಭಾಗಗಳೇ ಆಗಿದ್ದವು. ಮರಾಠವಾಡಕ್ಕೂ ಕಲ್ಯಾಣ ಕರ್ನಾಟಕಕ್ಕೂ ಈ ಒಂದು ಪರಂಪರೆ ಸಮಾನವಾಗಿ ಬಂದಿದೆ. ಆ ಕಾಯ್ದೆಯ ಪ್ರಕಾರ ಹುಡುಗರನ್ನು ಅಪಹರಿಸುವ ಶಂಕೆಯಿದ್ದವರ ಹೆಸರು ಪಟ್ಟಿಗೆ ಸೇರುತ್ತಿತ್ತು. ಪಟ್ಟಿಯಲ್ಲಿದ್ದವರು ಸೀರೆಯುಟ್ಟು ಬೀದಿಯಲ್ಲಿ ಕಂಡರೆ, ಹಾಡಿ ಕುಣಿದರೆ, ವಾರಂಟ್ ಇಲ್ಲದೆ ಬಂಧಿಸಬಹುದಿತ್ತು. ಹದಿನಾರು ವರ್ಷದೊಳಗಿನ ಹುಡುಗ ಅವರ ಮನೆಯಲ್ಲಿದ್ದರೆ ಅದೂ ಅಪರಾಧ. ಗಮನಿಸಿ: ಕೃತ್ಯ ನಡೆದಿರಬೇಕಾಗಿರಲಿಲ್ಲ, ಶಂಕೆ ಸಾಕಾಗಿತ್ತು. ಮಕ್ಕಳನ್ನು ಇವರಿಂದ ಕಾಪಾಡಬೇಕು ಎಂಬ ನೆಪವೇ ಇಡೀ ಕಟ್ಟಡದ ತಳಪಾಯವಾಗಿತ್ತು. ಮಕ್ಕಳಲ್ಲೇ ಇಂಥವರು ಇರಬಹುದು, ಆ ಮಗುವಿಗೆ ಆ ಮನೆಯೊಂದೇ ಆಸರೆಯಾಗಿರಬಹುದು ಎಂಬ ಯೋಚನೆಗೆ ಅಲ್ಲಿ ಜಾಗವೇ ಇರಲಿಲ್ಲ.

ಇದು ಮುಗಿದ ಕತೆಯೆಂದು ಯಾರಾದರೂ ಅಂದುಕೊಂಡರೆ, 2011ನ್ನು ನೆನಪಿಸಬೇಕಾಗುತ್ತದೆ. ಆ ವರ್ಷ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿತು. ಹುಡುಗರನ್ನು ಅಪಹರಿಸುವ ಶಂಕೆಯಿರುವ ಹಿಜ್ರಾಗಳ ಹೆಸರು, ವಿಳಾಸಗಳ ಪಟ್ಟಿ ಇಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿತು. ತೊಂಬತ್ತು ವರ್ಷದ ಹಿಂದಿನ ಭಾಷೆ ಪ್ರಜಾಪ್ರಭುತ್ವದ ಶಾಸನಸಭೆಯಲ್ಲಿ ಮತ್ತೆ ಅಂಗೀಕಾರ ಪಡೆಯಿತು. ಸಮುದಾಯದ ಸಂಘಟನೆ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಸರ್ಕಾರ ಆ ಸೆಕ್ಷನ್ನಿನಿಂದ ಸಮುದಾಯಸೂಚಕ ಪದವನ್ನು ತೆಗೆದುಹಾಕಿತು. ನಿಜಾಮರ ಕಾಲದ ಮೂಲ ಕಾಯ್ದೆಯಂತೂ ತೆಲಂಗಾಣದಲ್ಲಿ 2023ರ ಜುಲೈವರೆಗೆ ಕಾನೂನು ಪುಸ್ತಕದಲ್ಲಿ ಉಳಿದಿತ್ತು; ಅಲ್ಲಿನ ಹೈಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ರದ್ದು ಮಾಡಿತು. ಕಾನೂನು ಹೋಗಿದೆ, ಅದು ಬಿತ್ತಿದ ಅನುಮಾನ ಹೋಗಿಲ್ಲ. ‘ಯಾರೋ ನಮ್ಮ ಮಗುವಿನ ತಲೆ ಕೆಡಿಸಿದ್ದಾರೆ’ ಎಂದು ಇಂದು ಪೋಷಕರು ಹೇಳುವ ಮಾತಿನಲ್ಲಿ 1329 ಫಸಲಿಯ ಕಾಯ್ದೆಯ ತರ್ಕವೇ ಮನೆಮಾತಾಗಿ ಉಳಿದಿದೆ.

ಇಲ್ಲಿ ಒಂದು ಉತ್ತರ ಸಿದ್ಧವಾಗಿ ಬರುತ್ತದೆ: ದ್ವೇಷ ಬ್ರಿಟಿಷರು ತಂದದ್ದು, ನಮ್ಮ ಪರಂಪರೆ ಇವರನ್ನು ಪೂಜಿಸಿತು ಎಂದು. ಬಾದಾಮಿಯ ಮೊದಲ ಗುಹೆಯ ಅರ್ಧನಾರೀಶ್ವರನನ್ನು, ಸವದತ್ತಿಯ ಎಲ್ಲಮ್ಮನ ಜೋಗಪ್ಪಗಳನ್ನು ಸಾಕ್ಷಿಗೆ ಕರೆಯಲಾಗುತ್ತದೆ. ಇದರಲ್ಲಿ ಅರ್ಧ ನಿಜವಿದೆ. ದಕ್ಷಿಣ ಮಹಾರಾಷ್ಟ್ರದಿಂದ ಉತ್ತರ ಕರ್ನಾಟಕದವರೆಗೆ ಎಲ್ಲಮ್ಮನ ಪಂಥ ಜೋಗಪ್ಪ, ಜೋಗತಿ, ಜೋಗತ್ಯಾ ಎಂಬ ಸ್ಥಾನಗಳನ್ನು ಉಳಿಸಿಕೊಟ್ಟಿದೆ. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಈ ಸ್ಥಾನ ಎಂಥದು ಎಂದು ಹತ್ತಿರದಿಂದ ನೋಡಬೇಕು. ಮಗುವಿನಲ್ಲಿ ಹೆಣ್ತನ ಕಂಡರೆ ಅದು ದೇವಿಯ ಇಚ್ಛೆ. ದೇವಿಗೆ ಮುಡಿಪಾಗಿ ಮುತ್ತು ಕಟ್ಟಿಸಿಕೊಂಡ ಮೇಲೆ ಹಬ್ಬಹರಿದಿನದಲ್ಲಿ ಜನ ಕಾಲಿಗೆ ಬೀಳುತ್ತಾರೆ, ಜೋಳಿಗೆಗೆ ಅಕ್ಕಿ ಹಾಕುತ್ತಾರೆ. ಅದೇ ಮಗು ಎಂಜಿನಿಯರ್ ಆಗುತ್ತೇನೆ, ತಂಗಿಯ ಮದುವೆಯಲ್ಲಿ ಎಲ್ಲರೊಂದಿಗೆ ಸಾಲಿನಲ್ಲಿ ಕೂತು ಉಣ್ಣುತ್ತೇನೆ, ಅಪ್ಪನ ಆಸ್ತಿಯಲ್ಲಿ ಪಾಲು ಬೇಕು ಎಂದರೆ ಪೂಜ್ಯಭಾವ ಅಲ್ಲಿಗೆ ನಿಲ್ಲುತ್ತದೆ. ದೇವಿಯ ಸಾಕ್ಷ್ಯವಿದ್ದರೆ ಮಾತ್ರ ನಂಬುತ್ತೇವೆ, ಬರೀ ಮಗುವಿನ ಮಾತಾದರೆ ನಂಬುವುದಿಲ್ಲ ಎಂಬುದೂ ಅನುಮಾನದ ಇನ್ನೊಂದು ರೂಪವೇ. ಹೆಣ್ಣೆಂದು ಬೆಳೆಸಲಾಗುವ ಟ್ರಾನ್ಸ್ ಹುಡುಗರಿಗಂತೂ ಈ ಪರಂಪರೆಯಲ್ಲಿ ಇಷ್ಟು ಜಾಗವೂ ಸಿಕ್ಕಿದ್ದು ಕಡಿಮೆ.

ಈ ಕಟ್ಟಳೆಯನ್ನು ಮುರಿದ ಮೊದಲ ದೊಡ್ಡ ಏಟು ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ‘ನಾಲ್ಸಾ’ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪು. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ, ತನ್ನ ಲಿಂಗತ್ವವನ್ನು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಗೇ ಸೇರಿದ್ದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದಿತು. ಸಂಭಾಜಿನಗರದಲ್ಲಿರುವ ಬಾಂಬೆ ಹೈಕೋರ್ಟ್ ಪೀಠ 2021ರ ಜನವರಿಯಲ್ಲಿ ಕೊಟ್ಟ ತೀರ್ಪೊಂದು ಈ ತತ್ವವನ್ನು ಹಳ್ಳಿಯ ನೆಲಕ್ಕೆ ತಂದಿತು. ಜಳಗಾಂವ್ ಜಿಲ್ಲೆಯ ಗ್ರಾಮ ಪಂಚಾಯಿತಿಯೊಂದರ ಮಹಿಳಾ ಮೀಸಲು ಸ್ಥಾನಕ್ಕೆ ಅಂಜಲಿ ಗುರು ಸಂಜನಾ ಜಾನ್ ಸಲ್ಲಿಸಿದ್ದ ನಾಮಪತ್ರವನ್ನು, ಅವರು ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ, ಚುನಾವಣಾಧಿಕಾರಿ ತಿರಸ್ಕರಿಸಿದ್ದರು. ನ್ಯಾಯಮೂರ್ತಿ ರವೀಂದ್ರ ಘುಗೆ ಆ ಆದೇಶವನ್ನು ಬದಿಗೆ ಸರಿಸಿ ಸ್ಪರ್ಧೆಗೆ ಅವಕಾಶ ಕೊಟ್ಟರು. ಅಂಜಲಿ ಗೆದ್ದರು. ಲಾಭ ಕಂಡಾಗ ಗಂಡು, ಲಾಭ ಕಂಡಾಗ ಹೆಣ್ಣು ಎಂದು ಬದಲಾಯಿಸುವವರು ಬಂದರೇನು ಎಂಬ ಪ್ರಶ್ನೆಗೂ ನ್ಯಾಯಾಲಯ ಮುಖ ತಿರುಗಿಸಲಿಲ್ಲ. ಹೆಣ್ಣೆಂಬ ಆಯ್ಕೆಯಲ್ಲಿ ಮುಂದೆಯೂ ನಿಲ್ಲುವ ಅರ್ಜಿದಾರರ ನಿಲುವನ್ನು ದಾಖಲಿಸಿಕೊಂಡಿತು. ಅಂದರೆ ದುರುಪಯೋಗದ ಭಯಕ್ಕೆ ಒಂದು ಅಳತೆಯ ಉತ್ತರವಿದೆ. ಆ ಭಯದ ಹೆಸರಿನಲ್ಲಿ ಬಾಗಿಲನ್ನೇ ಮುಚ್ಚುವ ಅಗತ್ಯವಿಲ್ಲ.

ವಯಸ್ಕರಿಗೆ ಇಷ್ಟಾದರೂ ದಾರಿ ತೆರೆಯಿತು. ಮಕ್ಕಳ ವಿಷಯದಲ್ಲಿ ಕಾನೂನು ಹೇಗೆ ತಡವರಿಸಿತು ನೋಡಿ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆಯನ್ನು 2019ರಲ್ಲಿ ಸಂಸತ್ತು ಒಪ್ಪಿದಾಗ, ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರಕ್ಕೆ ಅಪ್ರಾಪ್ತರ ಪರವಾಗಿ ತಂದೆತಾಯಿ ಅಥವಾ ಪಾಲಕರೇ ಅರ್ಜಿ ಹಾಕಬೇಕೆಂದು ಬರೆಯಲಾಯಿತು. ಒಂಬತ್ತನೇ ತರಗತಿಯಿಂದ ಟ್ರಾನ್ಸ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 13,500 ರೂಪಾಯಿ ವಿದ್ಯಾರ್ಥಿವೇತನ ಕೊಡುವ ‘ಸ್ಮೈಲ್’ ಯೋಜನೆ 2022ರಲ್ಲಿ ಬಂತು. ಅದಕ್ಕೂ ಆ ಪ್ರಮಾಣಪತ್ರವೇ ಆಧಾರ. ಈಗ ಒಂಬತ್ತನೇ ತರಗತಿಯ ಒಂದು ಮಗುವನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಸಿಕ್‌ನ ಸಾತಪುರದಲ್ಲೋ ಸಂಭಾಜಿನಗರದ ವಾಳುಜ್‌ನಲ್ಲೋ ಅಪ್ಪ ಕಾರ್ಖಾನೆ ಕೆಲಸದಲ್ಲಿರುವ ಮನೆ. ಮನೆಯವರು ಒಪ್ಪಿದರೆ ಆ ಮಗುವಿಗೆ ಹಣದ ನೆರವೂ ಸಿಗುತ್ತದೆ, ಗುರುತೂ ಸಿಗುತ್ತದೆ. ಮನೆಯವರು ಒಪ್ಪದಿದ್ದರೆ, ಅಂದರೆ ನೆರವಿನ ಅಗತ್ಯ ಅತಿ ಹೆಚ್ಚಾಗಿರುವಾಗ, ಎರಡೂ ಇಲ್ಲ. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ನ್ಯಾಯಾಲಯದ ಆದೇಶವಿಲ್ಲದೆ ಮಗುವನ್ನು ಹೆತ್ತವರಿಂದ ಬೇರ್ಪಡಿಸುವಂತಿಲ್ಲ ಎಂದ ಅದೇ ಕಾಯ್ದೆ, ನೋಡಿಕೊಳ್ಳಲಾಗದ ಮನೆಯಾದರೆ ಪುನರ್ವಸತಿ ಕೇಂದ್ರವೆಂಬ ಒಂದೇ ಪರ್ಯಾಯ ಕೊಟ್ಟಿತು. ಹೊಡೆತ ಬೀಳುವ ಮನೆ ಅಥವಾ ಸರ್ಕಾರಿ ವಸತಿ ಎಂಬ ಎರಡರ ನಡುವೆ ಅತ್ತೆ, ಚಿಕ್ಕಮ್ಮ, ಸ್ನೇಹಿತರ ಮನೆ, ಸಮುದಾಯದ ಹಿರಿಯರು ಎಂಬ ವಿಶಾಲವಾದ ನಿಜಲೋಕವಿದೆ. ಅದಕ್ಕೆ ಈ ಕಾಯ್ದೆಯಲ್ಲಿ ಹೆಸರಿರಲಿಲ್ಲ.

ಮನೆ ಎಷ್ಟು ಮುಖ್ಯ ಎಂಬುದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ದೆಹಲಿ ಮತ್ತು ಉತ್ತರ ಪ್ರದೇಶದಲ್ಲಿ ನಡೆದು 2017ರಲ್ಲಿ ಹೊರಬಂದ ಅಧ್ಯಯನ ತೋರಿಸಿತು: ಮಾತಾಡಿಸಿದ ಟ್ರಾನ್ಸ್ ವ್ಯಕ್ತಿಗಳಲ್ಲಿ ಹೆತ್ತವರ ಜೊತೆ ವಾಸಿಸುತ್ತಿದ್ದವರು ಶೇಕಡ 2 ಮಾತ್ರ. ಮನೆ ಬಿಡುವ ದಾರಿ ಎಲ್ಲರಿಗೂ ಒಂದೇ ಅಲ್ಲ. ಗಂಡೆಂದು ಬೆಳೆಸಿದ ಮಗುವನ್ನು ‘ಗಂಡಸಾಗು’ ಎಂದು ಹೊಡೆಯುತ್ತಾರೆ, ಕೊನೆಗೆ ಮರ್ಯಾದೆಗೆ ಅಂಜಿ ಹೊರಹಾಕುತ್ತಾರೆ. ಹೆಣ್ಣೆಂದು ಬೆಳೆಸಿದ ಮಗುವನ್ನು ಹೊರಹಾಕುವುದು ಕಡಿಮೆ; ಕೋಣೆಯಲ್ಲಿ ಕೂಡಿಹಾಕುತ್ತಾರೆ, ಓದು ಬಿಡಿಸುತ್ತಾರೆ, ‘ಮದುವೆಯಾದರೆ ಸರಿಹೋಗುತ್ತಾಳೆ’ ಎಂದು ಗಂಡು ನೋಡುತ್ತಾರೆ. ಬೀದಿಯಲ್ಲಿ ನಮಗೆ ಟ್ರಾನ್ಸ್ ಮಹಿಳೆಯರು ಕಾಣುತ್ತಾರೆ, ಟ್ರಾನ್ಸ್ ಪುರುಷರು ಕಾಣುವುದಿಲ್ಲ. ಇದಕ್ಕೆ ಕಾರಣ ಅವರ ಸಂಖ್ಯೆಯಲ್ಲಿರುವುದಕ್ಕಿಂತ ಈ ಎರಡು ಬಗೆಯ ಶಿಕ್ಷೆಯಲ್ಲಿದೆ.

ಶಾಲೆಯಲ್ಲಿ ಕಟ್ಟಳೆ ಇನ್ನಷ್ಟು ಸದ್ದಿಲ್ಲದೆ ನಡೆಯುತ್ತದೆ. ಬೆಳಗಿನ ಪ್ರಾರ್ಥನೆಗೆ ಹುಡುಗರ ಸಾಲು, ಹುಡುಗಿಯರ ಸಾಲು. ಹಾಜರಿ ಪುಸ್ತಕದಲ್ಲಿ ಒಂದು ಹೆಸರು. ಅದನ್ನು ಕೂಗಿದಾಗ ‘ಎಸ್ ಸರ್’ ಎನ್ನುವ ದನಿ ಒಡೆದಿದ್ದರೆ ಹಿಂದಿನ ಬೆಂಚಿನಿಂದ ನಗು. ಬಿಡುವಿನಲ್ಲಿ ಶೌಚಾಲಯ: ಹುಡುಗರ ಕಡೆ ಹೋದರೆ ಬಟ್ಟೆ ಎಳೆಯುತ್ತಾರೆ, ಹುಡುಗಿಯರ ಕಡೆ ಹೋದರೆ ದೂರು ಬರುತ್ತದೆ. ಹೀಗಾಗಿ ಮಗು ಬೆಳಗಿನಿಂದ ನೀರು ಕುಡಿಯುವುದಿಲ್ಲ, ಸಂಜೆಯವರೆಗೆ ತಡೆದುಕೊಳ್ಳುತ್ತದೆ, ಆಮೇಲೆ ಜ್ವರ, ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತದೆ. ಗೈರುಹಾಜರಿ ಹೆಚ್ಚಿದ ಮೇಲೆ ಶಾಲೆ ಪೋಷಕರನ್ನು ಕರೆಸುತ್ತದೆ. ಅಲ್ಲಿಯವರೆಗೆ ಮನೆಗೆ ಗೊತ್ತಿಲ್ಲದ ವಿಷಯ ಆ ದಿನ ಗೊತ್ತಾಗುತ್ತದೆ. ಇಡೀ ಸರಪಣಿಯಲ್ಲಿ ಒಬ್ಬರೂ ದುಷ್ಟರಿಲ್ಲ. ಯುನೆಸ್ಕೊ ತಮಿಳುನಾಡಿನಲ್ಲಿ ಮುನ್ನೂರಕ್ಕೂ ಹೆಚ್ಚು ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಯುವಜನರನ್ನು ಕೇಳಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು ನಿಲ್ಲಿಸಲು ಸಹಪಾಠಿಗಳ ಪೀಡನೆ ದೊಡ್ಡ ಕಾರಣವಾಯಿತು ಎಂದವರು ಸುಮಾರು ಮೂರನೇ ಒಂದು ಭಾಗ. ಶಾಲೆಗೆ ದೂರು ಕೊಟ್ಟವರು ಐದರಲ್ಲಿ ಒಬ್ಬರೂ ಇಲ್ಲ. ಇದನ್ನು ಸರಿಪಡಿಸಲು ಎನ್‌ಸಿಇಆರ್‌ಟಿ 2021ರಲ್ಲಿ ಶಿಕ್ಷಕರಿಗಾಗಿ ಒಂದು ಕೈಪಿಡಿ ತಂದಿತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪದ ಪತ್ರ ಬರೆದ ಬೆನ್ನಲ್ಲೇ ಅದು ಜಾಲತಾಣದಿಂದ ಮಾಯವಾಯಿತು. ಮಕ್ಕಳನ್ನು ಕಾಪಾಡುವ ಹೆಸರಿನಲ್ಲಿ ಕೆಲವು ಮಕ್ಕಳ ಇರವನ್ನೇ ಮುಚ್ಚಿಡುವ ಹಳೆಯ ರೂಢಿ ಇಲ್ಲಿಯೂ ಕೆಲಸ ಮಾಡಿತು.

ಹೆಸರಿನಲ್ಲೇನಿದೆ, ಮಗು ಬೇರೆ ಹೆಸರಿನಿಂದ ಕರೆಸಿಕೊಳ್ಳಬೇಕೆಂಬ ಹಟವೇಕೆ ಎಂದು ಕೇಳುವವರಿದ್ದಾರೆ. ಸಂಭಾಜಿನಗರದಲ್ಲಿ ಈ ಪ್ರಶ್ನೆಯನ್ನು ಕೇಳುವುದು ಕಷ್ಟ. ಅಲ್ಲಿನ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬ್ ಅಂಬೇಡ್ಕರ್ ಹೆಸರಿಡಬೇಕೆಂದು ಶಾಸನಸಭೆ 1978ರಲ್ಲಿ ನಿರ್ಣಯ ಮಾಡಿತು. ಅದು ಜಾರಿಯಾದದ್ದು 1994ರ ಜನವರಿ 14ರಂದು. ನಡುವಿನ ಹದಿನಾರು ವರ್ಷಗಳಲ್ಲಿ ಗುಡಿಸಲುಗಳು ಸುಟ್ಟವು, ಜೀವಗಳು ಹೋದವು. ಹೆಸರು ಎಂದರೆ ಯಾರು ಘನತೆಯಿಂದ ಇಲ್ಲಿ ಇರಬಹುದು ಎಂಬ ಪ್ರಶ್ನೆ ಎಂದು ಆ ನೆಲಕ್ಕೆ ಚೆನ್ನಾಗಿ ಗೊತ್ತು. ಮಕ್ಕಳ ವಿಷಯದಲ್ಲಿ ಇದಕ್ಕೆ ಅಳೆದು ತೂಗಿದ ಪುರಾವೆಯೂ ಇದೆ. ಅಮೆರಿಕದ ಮೂರು ನಗರಗಳ 129 ಟ್ರಾನ್ಸ್ ಯುವಜನರನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮನೆ, ಶಾಲೆ, ಕೆಲಸ, ಗೆಳೆಯರ ಬಳಗ ಇವುಗಳಲ್ಲಿ ಒಂದು ಹೆಚ್ಚಿನ ಕಡೆ ಅವರು ಆರಿಸಿಕೊಂಡ ಹೆಸರಿನಿಂದ ಕರೆದರೂ ಖಿನ್ನತೆ ಇಳಿದಿತ್ತು, ಆತ್ಮಹತ್ಯೆಯ ಯೋಚನೆ ಶೇಕಡ 29ರಷ್ಟು ಕಡಿಮೆ ಕಂಡಿತ್ತು. ಅದು ಚಿಕ್ಕ ಅಧ್ಯಯನ, ಬೇರೆ ದೇಶದ್ದು, ಒಂದಕ್ಕೊಂದು ಇರುವ ಸಂಬಂಧವನ್ನಷ್ಟೇ ತೋರಿಸುತ್ತದೆ ಎಂಬುದನ್ನು ಮರೆಯಬೇಕಿಲ್ಲ. ಆದರೂ ಖರ್ಚಿಲ್ಲದ ಕ್ರಮವೊಂದು ಇಷ್ಟು ಭರವಸೆ ಕೊಡುವಾಗ ಅದನ್ನು ತಡೆಹಿಡಿಯಲು ಬಲವಾದ ಕಾರಣ ಬೇಕು.

ಆಸ್ಪತ್ರೆಯ ವಿಷಯಕ್ಕೆ ಬಂದರೆ ನಾಸಿಕ್‌ಗೆ ವಿಶೇಷ ಹೊಣೆಯಿದೆ. ಮಹಾರಾಷ್ಟ್ರದ ಬಹುಪಾಲು ವೈದ್ಯಕೀಯ ಕಾಲೇಜುಗಳಿಗೆ ಪಠ್ಯಕ್ರಮ ಹಾಕಿಕೊಡುವ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1998ರಿಂದ ಅಲ್ಲಿದೆ. ನ್ಯಾಯವೈದ್ಯಶಾಸ್ತ್ರದ ಪಾಠದಲ್ಲಿದ್ದ ‘ಕನ್ಯತ್ವದ ಲಕ್ಷಣ’ಗಳನ್ನು ಅವೈಜ್ಞಾನಿಕವೆಂದು 2019ರಲ್ಲಿ ಅದು ತೆಗೆದುಹಾಕಿತು. ಪಠ್ಯದಲ್ಲಿ ಕೂತ ಪೂರ್ವಗ್ರಹವನ್ನು ಎಬ್ಬಿಸಿ ಕಳಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತೆಗೆಯಲಾಯಿತು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ 2021ರ ಜೂನ್‌ನಲ್ಲಿ, ತಮಗೇ ತಿಳಿವಳಿಕೆ ಸಾಲದೆಂದು ಮನಶ್ಶಾಸ್ತ್ರಜ್ಞರ ಬಳಿ ಪಾಠ ಕೇಳಿ, ಬಳಿಕ ಲಿಂಗತ್ವವನ್ನೂ ಲೈಂಗಿಕ ಒಲವನ್ನೂ ‘ಬದಲಾಯಿಸುವ ಚಿಕಿತ್ಸೆ’ಯನ್ನು ನಿಷೇಧಿಸುವ ನಿರ್ದೇಶನ ಕೊಟ್ಟರು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅಂಥ ಚಿಕಿತ್ಸೆಯನ್ನು ವೃತ್ತಿದೋಷವೆಂದು ಸಾರಿತು. ಅದೇ ಆಯೋಗ 2024ರ ಪಠ್ಯಕ್ರಮದಲ್ಲಿ ಸಲಿಂಗ ಸಂಬಂಧಗಳನ್ನು ಮತ್ತೆ ಲೈಂಗಿಕ ಅಪರಾಧಗಳ ಪಟ್ಟಿಗೆ ಸೇರಿಸಿ, ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಕಟ್ಟಳೆ ಹಾಗೇ ಸುಮ್ಮನೆ ಸಾಯುವುದಿಲ್ಲ, ಯಾರಾದರೂ ಕಾವಲಿರಬೇಕಾಗುತ್ತದೆ.

ಇನ್ನು ಆಕ್ಷೇಪಗಳು. ಎಲ್ಲಕ್ಕಿಂತ ಗಂಭೀರವಾದದ್ದು ಇದು: ಮಕ್ಕಳ ಮನಸ್ಸು ಚಂಚಲ, ಇವತ್ತು ಹೇಳಿದ್ದನ್ನು ನಾಳೆ ಬದಲಾಯಿಸಿದರೆ? ಈ ಪ್ರಶ್ನೆ ಕೇಳುವವರನ್ನೆಲ್ಲ ದ್ವೇಷಿಗಳೆನ್ನುವುದು ತಪ್ಪು. ಬ್ರಿಟನ್ನಿನಲ್ಲಿ ಮಕ್ಕಳ ತಜ್ಞೆ ಹಿಲರಿ ಕಾಸ್ 2024ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ, ಹರೆಯದ ದೈಹಿಕ ಬದಲಾವಣೆಗಳನ್ನು ತಡೆಹಿಡಿಯುವ ಔಷಧಿಗಳ ಪರವಾದ ಪುರಾವೆ ದುರ್ಬಲವಾಗಿದೆ ಎಂದಿತು. ಚಿಕ್ಕ ಮಕ್ಕಳ ಹೆಸರು, ಉಡುಪು ಬದಲಿಸುವಲ್ಲೂ ತಜ್ಞರ ಸಲಹೆಯಿರಲಿ ಎಂದಿತು. ಸ್ವೀಡನ್, ಫಿನ್ಲೆಂಡ್ ಕೂಡ ಎಚ್ಚರದ ಕಡೆ ವಾಲಿವೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಬೇರೆ ನಿಲುವು ತಳೆದಿತ್ತು. ಔಷಧಿಯ ವಿಷಯದಲ್ಲಿ ವಿಜ್ಞಾನ ಇನ್ನೂ ವಾದಿಸುತ್ತಿದೆ, ವಾದಿಸಲಿ. ಆದರೆ ನಾನು ಇಲ್ಲಿಯವರೆಗೆ ಹೇಳಿದ್ದರಲ್ಲಿ ಔಷಧಿ ಎಲ್ಲಿ ಬಂತು? ಹೊಡೆಯದಿರುವುದು, ಶಾಲೆ ಬಿಡಿಸದಿರುವುದು, ಅಣಕಿಸುವವರನ್ನು ತಡೆಯುವುದು, ಬೀಗವಿರುವ ಶೌಚಾಲಯ ಕೊಡುವುದು: ಇವು ಯಾವುವೂ ಮಗು ನಾಳೆ ಬೇರೆ ಹೇಳಿದರೆ ವ್ಯರ್ಥವಾಗುವಂಥವಲ್ಲ. ಹಿಂದಕ್ಕೆ ಬರಲಾಗದ ನಿರ್ಧಾರಗಳ ಬಗ್ಗೆ ನಿಜವಾದ ಕಾಳಜಿಯಿರುವವರು ಹದಿನೆಂಟು ತುಂಬಿದೊಡನೆ ಮಾಡುವ ಬಲವಂತದ ಮದುವೆಯ ಬಗ್ಗೆಯೂ ಮಾತಾಡಬೇಕು. ಅಂತರ್‌ಲಿಂಗಿ ಹಸುಗೂಸುಗಳಿಗೆ ಕೇಳದೆ ಕತ್ತರಿ ಹಾಕುವ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಮಾತಾಡಬೇಕು. ಅದನ್ನು ಮದ್ರಾಸ್ ಹೈಕೋರ್ಟಿನ 2019ರ ತೀರ್ಪಿನ ಬಳಿಕ ತಮಿಳುನಾಡು ನಿಷೇಧಿಸಿತು. ಎಚ್ಚರ ಒಂದೇ ದಿಕ್ಕಿಗೆ ನೋಡಿದರೆ ಅದನ್ನು ಎಚ್ಚರ ಎನ್ನಲಾಗದು.

ಎರಡನೆಯ ಆಕ್ಷೇಪ, ಇದು ಇತರರ ಪ್ರಭಾವ, ಮೊಬೈಲಿನಿಂದ ಅಂಟಿದ್ದು ಎಂಬುದು. ಹರೆಯದವರು ಮಾತುಗಳನ್ನು, ಗುರುತುಗಳನ್ನು ಸುತ್ತಲಿಂದ ಕಲಿಯುತ್ತಾರೆ, ನಿಜ. ಆದರೆ ಮಾತು ಕಲಿತದ್ದಕ್ಕೂ ನೋವು ಹುಟ್ಟಿದ್ದಕ್ಕೂ ವ್ಯತ್ಯಾಸವಿದೆ. ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡಿದ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದಿದೆ. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಮಂಜಮ್ಮನವರ ಕಥನವೂ ನಮ್ಮ ಕೈಯಲ್ಲಿದೆ. ಸ್ಮಾರ್ಟ್‌ಫೋನ್ ಹಳ್ಳಿಗೆ ಬರುವ ಎಷ್ಟೋ ಮೊದಲಿನ ಬಾಲ್ಯಗಳು ಅವು. ಮೂರನೆಯದು ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ. ಶಾಲೆಯ ಶೌಚಾಲಯದಲ್ಲಿ ಹೆಣ್ಣುಮಕ್ಕಳು ಸುರಕ್ಷಿತರಾಗಿರಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಅಧ್ಯಯನಗಳು ತೋರಿಸುವಂತೆ ಅಲ್ಲಿ ಪೆಟ್ಟು ತಿನ್ನುವವರ ಸಾಲಿನಲ್ಲಿ ಟ್ರಾನ್ಸ್ ಮಕ್ಕಳು ಮುಂದಿದ್ದಾರೆ. ಒಳಗಿನಿಂದ ಚಿಲಕ ಹಾಕಬಹುದಾದ, ಒಬ್ಬರಿಗೇ ಮೀಸಲಾದ, ಯಾರು ಬೇಕಾದರೂ ಬಳಸಬಹುದಾದ ಒಂದು ಕೋಣೆ ಇಬ್ಬರನ್ನೂ ಕಾಪಾಡುತ್ತದೆ. ಅಂಗವಿಕಲ ಮಗುವಿಗೂ ಒದಗುತ್ತದೆ.

ನಾಲ್ಕನೆಯ ಆಕ್ಷೇಪ ಬಹಳ ಸಭ್ಯವಾದದ್ದು: ಸಮಾಜ ಇನ್ನೂ ಸಿದ್ಧವಾಗಿಲ್ಲ, ಕಾಯೋಣ. ನಾಸಿಕ್ ಈ ಮಾತನ್ನು ಹಿಂದೆಯೂ ಕೇಳಿದೆ. 1930ರ ಮಾರ್ಚ್ 2ರಂದು ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ದಲಿತರ ಪ್ರವೇಶಕ್ಕಾಗಿ ಅಂಬೇಡ್ಕರ್ ನೇತೃತ್ವದ ಸತ್ಯಾಗ್ರಹ ಶುರುವಾದಾಗ ಎದುರಿನವರ ಬಳಿ ರೂಢಿಯ ವಾದವಿತ್ತು, ಕಾಲ ಪಕ್ವವಾಗಿಲ್ಲ ಎಂಬ ವಾದವಿತ್ತು. ಐದು ವರ್ಷ ಕಾದರೂ ಬಾಗಿಲು ತೆರೆಯಲಿಲ್ಲ. ಅದೇ ಜಿಲ್ಲೆಯ ಯೇವಲಾದಲ್ಲಿ 1935ರ ಅಕ್ಟೋಬರ್‌ನಲ್ಲಿ ಹಿಂದೂವಾಗಿ ಸಾಯುವುದಿಲ್ಲವೆಂಬ ಅಂಬೇಡ್ಕರರ ಘೋಷಣೆ ಹೊರಟಿತು. ಜಾತಿಯ ಅನುಭವವೂ ಲಿಂಗತ್ವದ ಅನುಭವವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ಹುಟ್ಟಿದ ಮನೆಯೊಡನೆ ಹಂಚಿಕೊಂಡ ಅವಮಾನ, ಇನ್ನೊಂದು ಹುಟ್ಟಿದ ಮನೆಯಿಂದಲೇ ಆರಂಭವಾಗುವ ಅವಮಾನ. ಎರಡಕ್ಕೂ ಸಮಾನವಾದದ್ದು ಒಂದು ಪಾಠ: ಸಿದ್ಧತೆ ಕಾಯುವುದರಿಂದ ಬರುವುದಿಲ್ಲ, ಬಾಗಿಲು ತೆರೆದಿಟ್ಟು ಬದುಕುವುದರಿಂದ ಬರುತ್ತದೆ. ಕಾಯುವ ವರ್ಷಗಳ ಖರ್ಚನ್ನು ಭರಿಸುವವರು ಕಾಯಿರಿ ಎಂದವರಲ್ಲ. ಹದಿನಾಲ್ಕು ವರ್ಷದ ಮಗುವಿಗೆ ಮೂರು ವರ್ಷ ಎಂದರೆ ಇಡೀ ಪ್ರೌಢಶಾಲೆ.

ಹಾಗಾದರೆ ಮಾಡಬೇಕಾದದ್ದೇನು? ತಂದೆತಾಯಂದಿರು ಎಲ್ಲವನ್ನೂ ಒಂದೇ ದಿನ ಅರ್ಥ ಮಾಡಿಕೊಳ್ಳಬೇಕಿಲ್ಲ. ಮಗು ಹೇಳಿದ ದಿನ ‘ಹೇಳಿದ್ದು ಒಳ್ಳೆಯದಾಯಿತು, ಮನೆ ನಿನ್ನದೇ’ ಎಂಬಷ್ಟು ಸಾಕು. ನೆಂಟರಿಗೆ ಯಾವಾಗ, ಎಷ್ಟು ತಿಳಿಸಬೇಕೆಂಬುದನ್ನು ಮಗುವಿನ ಜೊತೆ ಕೂತು ತೀರ್ಮಾನಿಸಲಿ. ಮಂತ್ರವಾದಿಯ ಬಳಿಗೂ ‘ಸರಿಮಾಡುತ್ತೇನೆ’ ಎನ್ನುವ ವೈದ್ಯರ ಬಳಿಗೂ ಕರೆದೊಯ್ಯುವುದು ಬೇಡ. ಗೊಂದಲವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಬಹುದು, ಹಿಂಸೆಯಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಶಿಕ್ಷಕರ ಮೊದಲ ಕರ್ತವ್ಯ ಗುಟ್ಟು ಕಾಯುವುದು. ಮನೆ ಸುರಕ್ಷಿತವೆಂದು ತಿಳಿಯದೆ ಮನೆಗೆ ಸುದ್ದಿ ಮುಟ್ಟಿಸಿದರೆ ಅದು ಮಗುವನ್ನು ಹೊಡೆತಕ್ಕೆ ಒಪ್ಪಿಸಿದಂತೆ. ಕರೆಯುವ ಹೆಸರು, ಸಮವಸ್ತ್ರದಲ್ಲಿ ಆಯ್ಕೆ, ಆಟದಲ್ಲಿ ಸ್ಥಾನ, ಎತ್ತರದ ಪ್ರಕಾರ ನಿಲ್ಲುವ ಪ್ರಾರ್ಥನಾ ಸಾಲು ಇವೆಲ್ಲ ಮುಖ್ಯೋಪಾಧ್ಯಾಯರ ಅಧಿಕಾರದೊಳಗೇ ಇವೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಕಲಿಸಬೇಕೆಂದು 2019ರ ಕಾಯ್ದೆ ಹೇಳಿದ್ದರಿಂದ ಹೊಸ ಅಪ್ಪಣೆಗೆ ಕಾಯಬೇಕಾಗಿಲ್ಲ. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇಕಡ 1ರ ಸಮತಲ ಮೀಸಲಾತಿ ತಂದಿತು. ದೇಶದಲ್ಲೇ ಅದು ಮೊದಲು. ಆದರೆ ಹತ್ತನೇ ತರಗತಿ ಮುಗಿಸಲಾಗದವರಿಗೆ ಆ ಮೀಸಲಾತಿ ಕಾಗದದ ಮೇಲಿನ ಉಪಕಾರವಾಗಿ ಉಳಿಯುತ್ತದೆ. ಉದ್ಯೋಗದ ನ್ಯಾಯ ತರಗತಿಯಲ್ಲೇ ಆರಂಭವಾಗಬೇಕು.

ಮಾನ್ಯರೇ, ಒಂದು ಸಂಸ್ಥೆಯಲ್ಲಿ ಟ್ರಾನ್ಸ್‌ಫೋಬಿಯಾ ಇದೆಯೇ ಇಲ್ಲವೇ ಎಂದು ತಿಳಿಯಲು ಅಲ್ಲಿರುವವರ ಮನಸ್ಸನ್ನು ಬಗೆದು ನೋಡಬೇಕಾಗಿಲ್ಲ. ಮಗುವೊಂದು ತನ್ನ ಬಗ್ಗೆ ನಿಜ ಹೇಳಿದರೆ ಮರುದಿನ ಅದಕ್ಕೆ ಅಲ್ಲಿ ಏನಾಗುತ್ತದೆ ಎಂದು ವಿಚಾರಿಸಿದರೆ ಸಾಕು. ಇದುವರೆಗೆ ನಮ್ಮ ಪಟ್ಟಿಗಳು, ಪ್ರಮಾಣಪತ್ರಗಳು, ಪಠ್ಯಗಳು, ಮನೆಯ ಮಾತುಗಳು ಎಲ್ಲವೂ ಆ ಮಗುವನ್ನೇ ಪರೀಕ್ಷೆಗೆ ಕೂರಿಸಿವೆ. ಇನ್ನು ಮೇಲೆ ಪರೀಕ್ಷೆ ನಮ್ಮದಾಗಲಿ. ಅದರ ಫಲಿತಾಂಶ ಗೊತ್ತಾಗುವುದೂ ಕಷ್ಟವಲ್ಲ: ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಸೇರಿದ ಟ್ರಾನ್ಸ್ ಮಕ್ಕಳಲ್ಲಿ ಎಷ್ಟು ಮಂದಿ ಹತ್ತನೇ ತರಗತಿಯ ಪರೀಕ್ಷೆ ಬರೆದರು, ಎಷ್ಟು ಮಂದಿ ಪರೀಕ್ಷೆ ಮುಗಿಸಿ ತಮ್ಮದೇ ಮನೆಗೆ ಹೋದರು ಎಂದು ಪ್ರತಿ ಶಾಲೆಯೂ ಪ್ರತಿ ಊರೂ ತನ್ನನ್ನು ಕೇಳಿಕೊಳ್ಳಲಿ. ಆ ಉತ್ತರದ ಹೊಣೆ ನಮ್ಮದು.